ಯಂತ್ರದೊಳಗೊಂದು ಯಂತ್ರ

ಸರಸಂಬಾದ ಸುತ್ತಿನ ತೊಗರಿಯ ಹೊಲವೊಂದನ್ನು ನೆನೆಯಿರಿ. ಒಬ್ಬನೇ ಕೊಯ್ದರೆ ಹಲವು ದಿನಗಳ ದುಡಿಮೆ. ನೆರೆಯವರು ಮುಯ್ಯಾಳಾಗಿ ಬಂದರೆ ಬೇಗನೆ ಮುಗಿಯುತ್ತದೆ. ವಿಜ್ಞಾನದ ಗಣಿತಕ್ಕೂ ಇಂತಹ ನೆರೆಯವರುಂಟು.

ಜಿನೀವಾ ನಗರದ ಬಳಿಯಿರುವ ಸರ್ನ್ ಸಂಸ್ಥೆಯು ಸೂಕ್ಷ್ಮ ಕಣಗಳನ್ನು ಡಿಕ್ಕಿ ಹೊಡೆಸಿ ದ್ರವ್ಯದ ಸ್ವರೂಪವನ್ನು ಅರಸುತ್ತದೆ. ಇದಕ್ಕೆ ಬೇಕಾಗುವ ಲೆಕ್ಕಾಚಾರ ಅಪಾರವಾದುದು. ಆದುದರಿಂದ ಅದು 2004ರಲ್ಲಿ ‘ಎಲ್‌ಎಚ್‌ಸಿ ಅಟ್ ಹೋಮ್’ ಯೋಜನೆಯನ್ನು ಆರಂಭಿಸಿ, ಮನೆಯ ಗಣಕಯಂತ್ರಗಳ ಬಿಡುವಿನ ವೇಳೆಯನ್ನು ದಾನವಾಗಿ ಬೇಡಿತು. ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ‘ಬಾಯಿಂಕ್’ ತಂತ್ರಾಂಶವು ಕೆಲಸವನ್ನು ತುಂಡುತುಂಡಾಗಿ ಹಂಚಿ, ಉತ್ತರಗಳನ್ನು ಒಟ್ಟುಗೂಡಿಸುತ್ತದೆ.

ಆದರೆ ಒಂದು ತೊಡಕಿತ್ತು. ಸರ್ನ್‌ನ ಕ್ರಮವಿಧಿಗಳು ಲಿನಕ್ಸ್ ವ್ಯವಸ್ಥೆಗಾಗಿ ರಚಿತವಾದವು. ಮನೆಯ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್‌ನವು. 2011ರಲ್ಲಿ ‘ಟೆಸ್ಟ್ ಫಾರ್ ಥಿಯರಿ’ ಎಂಬ ಯೋಜನೆಯು ಇದಕ್ಕೆ ದಾರಿ ತೋರಿತು. ವರ್ಚುವಲ್‌ಬಾಕ್ಸ್ ತಂತ್ರಾಂಶದ ನೆರವಿನಿಂದ ಗಣಕದೊಳಗೆ ಮತ್ತೊಂದು ಕಲ್ಪಿತ ಗಣಕವನ್ನು ನಿರ್ಮಿಸಿ, ಅದರಲ್ಲಿ ಲಿನಕ್ಸನ್ನು ನಡೆಸಲಾಯಿತು. ಅತಿಥಿಗೆ ಪಡಸಾಲೆಯನ್ನು ಬಿಟ್ಟುಕೊಟ್ಟಂತೆ ಇದು. ಆತ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತಾನೆ; ಒಳಮನೆಯ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಯಜಮಾನನಿಗೆ ಯಂತ್ರ ಬೇಕಾದಾಗ ಕೆಲಸವನ್ನು ಇದ್ದ ಸ್ಥಿತಿಯಲ್ಲಿಯೇ ನಿಲ್ಲಿಸಿ, ಅನಂತರ ಅಲ್ಲಿಂದಲೇ ಮುಂದುವರಿಸಬಹುದು.

ಆದರೂ ಈ ಆತಿಥ್ಯಕ್ಕೆ ವೆಚ್ಚವಿಲ್ಲದಿಲ್ಲ. ಕಲ್ಪಿತ ಯಂತ್ರವು ನಿಜಯಂತ್ರದ ಮೆಮೊರಿಯನ್ನು ಬಳಸುತ್ತದೆ. ದುಡಿಯುವ ಯಂತ್ರ ಬಿಸಿಯಾಗುತ್ತದೆ, ವಿದ್ಯುತ್ತಿನ ಬಿಲ್ಲೂ ಏರುತ್ತದೆ. ಶಾಲೆಯ ಅಥವಾ ಕಚೇರಿಯ ಯಂತ್ರವನ್ನು ಅನುಮತಿಯಿಲ್ಲದೆ ಇದಕ್ಕೆ ತೊಡಗಿಸುವುದು ಸಲ್ಲದು. ಅನ್ಯರ ಕಣಜದಿಂದ ತೆಗೆದು ಕೊಟ್ಟ ಧಾನ್ಯವನ್ನು ದಾನವೆನ್ನಲಾಗದು. ತನ್ನದನ್ನು ತಿಳಿದು ಕೊಟ್ಟವನಾದರೋ, ಹಳ್ಳಿಯ ಮನೆಯಲ್ಲಿ ಕುಳಿತಿದ್ದರೂ ವಿಶ್ವದ ಜ್ಞಾನಕ್ಕೆ ಮುಯ್ಯಾಳಾಗುತ್ತಾನೆ.