ಕೊಳೆಯದ ರಸಾಯನ



ತಿಪ್ಪೆಗೆ ಹಾಕಿದ ಸೆಗಣಿ, ಕಣಿಕೆ, ಕಸಕಡ್ಡಿ ಎಲ್ಲವೂ ಕೊಳೆತು ಗೊಬ್ಬರವಾಗುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳು ಅವನ್ನು ಒಡೆಯುವುದೇ ಇದಕ್ಕೆ ಕಾರಣ. ಆದರೆ ಅವು ಒಡೆದು ಮುಗಿಸಲಾರದ ವಸ್ತುಗಳನ್ನೂ ಮನುಷ್ಯನು ಮಾಡಿದ್ದಾನೆ. ಇಂಗಾಲಕ್ಕೆ ಫ್ಲೋರಿನ್ ಬಿಗಿಯಾಗಿ ಕೂಡಿದ ಇವುಗಳಿಗೆ ಪಿ.ಎಫ್.ಎ.ಎಸ್. ಎನ್ನುವರು. ನೀರು ಹಿಡಿಯದ ಬಟ್ಟೆ, ಬೆಂಕಿ ಆರಿಸುವ ನೊರೆ ಮೊದಲಾದವುಗಳಲ್ಲಿ ಇವನ್ನು ಬಳಸುತ್ತ ಬಂದಿದ್ದಾರೆ. ಕಲ್ಲಿನಿಂದ ಬಾವಿಯ ನೀರಿಗಿಳಿದು ಹಲ್ಲಿಗೆ ಕಲೆ ಮಾಡುವ ಫ್ಲೋರೈಡ್ ಬೇರೆ, ಇದು ಬೇರೆ.

ಇಟಲಿಯ ತ್ರಿಸ್ಸಿನೋದ ಕಾರ್ಖಾನೆಯೊಂದರಿಂದ ಇವು ಅಂತರ್ಜಲಕ್ಕಿಳಿದು 3 ಲಕ್ಷಕ್ಕೂ ಹೆಚ್ಚು ಜನರ ನೀರು ಕೆಟ್ಟಿತು. ಕಾರ್ಖಾನೆ 2018ರಲ್ಲಿ ಮುಚ್ಚಿತು. ಅದರ ಯಂತ್ರಗಳು ನಮ್ಮ ರಾಜ್ಯದ ರತ್ನಾಗಿರಿ ಜಿಲ್ಲೆಯ ಲೋಟೆಗೆ ಬಂದಿವೆ. ಲೋಟೆಯು ಸಹ್ಯಾದ್ರಿಯ ಆಚೆಗಿದೆ. ಅಲ್ಲಿಯ ನೀರು ತಡವಳಕ್ಕೆ ಹರಿಯದು. ಆದರೆ ಹೊಲಕ್ಕೆ ಬರಲು ಇವಕ್ಕೆ ಇನ್ನೊಂದು ದಾರಿಯುಂಟು.

ಅಮೇರಿಕದ ಮೇನ್ ಸಂಸ್ಥಾನದಲ್ಲಿ ಪಟ್ಟಣದ ಗಟಾರ ನೀರಿನ ಕೆಸರನ್ನು ಗೊಬ್ಬರವೆಂದು ಹೊಲಗಳಿಗೆ ಹಾಕಿದರು. ಅದರೊಳಗಿನ ರಸಾಯನವು ಮಣ್ಣಿನಿಂದ ಮೇವಿಗೆ, ಮೇವಿನಿಂದ ಹಾಲಿಗೆ ಬಂದಿತು. ಕೆಲವು ರೈತರು ಹಾಲು ಮಾರುವುದನ್ನೇ ಬಿಡಬೇಕಾಯಿತು. 2022ರಲ್ಲಿ ಅಲ್ಲಿಯ ಸರಕಾರವು ಕೆಸರು ಹಾಕುವುದನ್ನು ನಿಷೇಧಿಸಿತು. ಈ ಗುಂಪಿನ ಪಿ.ಎಫ್.ಒ.ಎ. ಎಂಬುದು ಮನುಷ್ಯರಿಗೆ ಕ್ಯಾನ್ಸರ್ ತರತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು 2023ರಲ್ಲಿ ಸಾರಿತು.

ನೀರು ಕುದಿಸಿದರೂ ಇವು ಹೋಗವು. ಹೊಲ ಉತ್ತರೂ ಹೋಗವು. ಆದುದರಿಂದ ಬಾರದಂತೆ ನೋಡಿಕೊಳ್ಳುವುದೇ ಉಪಾಯ. ಪುಕ್ಕಟೆಯಾಗಿ ಗಟಾರದ ಕೆಸರು, ಕಾರ್ಖಾನೆಯ ರಾಡಿ ಕೊಡಲು ಬಂದವರನ್ನು, ಇದು ಎಲ್ಲಿಯದು, ಪರೀಕ್ಷೆಯಾಗಿದೆಯೇ ಎಂದು ಕೇಳಿರಿ. ಸರಿಯಾದ ಉತ್ತರ ಬಾರದಿದ್ದರೆ ಗಾಡಿಯನ್ನು ಬದುವಿನ ಆಚೆಯಿಂದಲೇ ತಿರುಗಿಸಿರಿ. ನಮ್ಮ ತಿಪ್ಪೆಯ ಗೊಬ್ಬರ ನಮಗೆ ಗೊತ್ತಿದ್ದದ್ದು.