ಮಕ್ಕಳ ಉಬ್ಬಸ ಮತ್ತು ಮನೆಯ ಬಡತನ

ಉಬ್ಬಸ, ಗೂರಲು, ದಮ್ಮು ಎಂದು ನಾಡಿನ ಬೇರೆ ಬೇರೆ ಕಡೆಗಳಲ್ಲಿ ಕರೆಯಲಾಗುವ ಆಸ್ತಮಾ ವಂಶಪಾರಂಪರ್ಯವಾಗಿ ಬರುವ ರೋಗವೆಂಬುದು ಸಾಮಾನ್ಯ ತಿಳಿವಳಿಕೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ರೋಗ ಬಲಿಯುವುದೂ ಹತೋಟಿಗೆ ಬರುವುದೂ ಬಹುಮಟ್ಟಿಗೆ ಮಗು ವಾಸಿಸುವ ಮನೆ, ಬೀದಿ ಮತ್ತು ತಂದೆತಾಯಿಯರ ಆದಾಯವನ್ನು ಅವಲಂಬಿಸಿವೆ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು 12 ಶಾಲೆಗಳ 6,550 ಮಕ್ಕಳ ಸಮೀಕ್ಷೆ ನಡೆಸಿ, ಅದರ ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ವಾಹನಸಂಚಾರ ವಿರಳವಾಗಿದ್ದ ಕಡೆಯ ಶಾಲೆಗಳಲ್ಲಿ ನೂರಕ್ಕೆ ಸುಮಾರು 11 ಮಕ್ಕಳಿಗೆ, ದಟ್ಟವಾಗಿದ್ದ ಕಡೆ 19 ಮಕ್ಕಳಿಗೆ ಆಸ್ತಮಾ ಇತ್ತು. ಅಂಥದೇ ದಟ್ಟಸಂಚಾರದ ಪ್ರದೇಶದ ಬಡ ಮಕ್ಕಳಲ್ಲಿ ಈ ಸಂಖ್ಯೆ 31. ಬೀದಿಯ ಹೊಗೆ ಒಂದೇ ಬಗೆಯದಾಗಿರುವಾಗ ಈ ಹೆಚ್ಚಳ ಎಲ್ಲಿಂದ ಬಂದಿತು?

ಒಂದೇ ಕೋಣೆಯ ಮನೆಯೊಳಗೆ ಕಾಲಿಟ್ಟರೆ ಉತ್ತರದ ಬಹುಭಾಗ ದೊರೆಯುತ್ತದೆ. ಅಡುಗೆಯೂ ನಿದ್ರೆಯೂ ಅಲ್ಲಿಯೇ. ಸೌದೆ ಒಲೆಯ ಹೊಗೆ, ಒದ್ದೆ ಗೋಡೆಯ ಬೂಷ್ಟು, ಜಿರಲೆ, ಹಿರಿಯರ ಬೀಡಿ ಇವೆಲ್ಲವೂ ಶ್ವಾಸನಾಳವನ್ನು ಕೆರಳಿಸುತ್ತವೆ. ಗ್ಯಾಸ್ ಸಂಪರ್ಕವಿದ್ದರೂ ಸಿಲಿಂಡರಿಗೆ ಹಣವಿಲ್ಲದ ತಿಂಗಳು ಸೌದೆ ಮತ್ತೆ ಉರಿಯುತ್ತದೆ. ಒಂದು ಸೊಳ್ಳೆಬತ್ತಿ ಹೊರಬಿಡುವ ಸೂಕ್ಷ್ಮಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರ ಅಧ್ಯಯನವೊಂದು ತಿಳಿಸಿದೆ. ಮುಚ್ಚಿದ ಕೋಣೆಯ ಊದುಬತ್ತಿ, ಧೂಪಗಳೂ ಇದಕ್ಕೆ ಹೊರತಲ್ಲ. ಪೂಜೆಗೆ ಹಚ್ಚಿದ್ದೆಂದು ಹೊಗೆ ಮಗುವಿಗೆ ರಿಯಾಯಿತಿ ತೋರುವುದಿಲ್ಲ.

ಚಿಕಿತ್ಸೆಯಲ್ಲಿ ಬಡತನ ಇನ್ನೂ ನಿಷ್ಠುರವಾಗಿ ಕಾಣಿಸಿಕೊಳ್ಳುತ್ತದೆ. ಉಸಿರು ಕಟ್ಟಿದಾಗ ಒಡನೆಯೇ ಶ್ವಾಸನಾಳವನ್ನು ಸಡಿಲಿಸುವ ಇನ್ಹೇಲರ್ ಒಂದು. ಒಳಗಿನ ಉರಿಯೂತವನ್ನು ದಿನದಿನವೂ ಶಮನಗೊಳಿಸುವುದು ಇನ್ನೊಂದು. ಮಗು ಆಡಿಕೊಂಡಿರುವಾಗ ಎರಡನೆಯದರ ಫಲ ಕಣ್ಣಿಗೆ ಕಾಣದು. ಆದುದರಿಂದ ಕೈಯಲ್ಲಿ ಕಾಸಿಲ್ಲದ ತಿಂಗಳು ಮೊದಲು ನಿಲ್ಲುವುದು ಅದೇ. ಮುಂದಿನ ಚಳಿಗೆ ಮಗು ಆಸ್ಪತ್ರೆ ಸೇರುತ್ತದೆ, ತಾಯಿಯ ಕೂಲಿ ತಪ್ಪುತ್ತದೆ, ಉಳಿಸಿದ್ದಕ್ಕಿಂತ ಹೆಚ್ಚು ಹಣ ಹೋಗುತ್ತದೆ. ಇದನ್ನು ತಾಯಿಯ ಅಲಕ್ಷ್ಯವೆನ್ನುವುದು ಅನ್ಯಾಯ. ಇನ್ಹೇಲರ್ ಚಟವಾಗುತ್ತದೆಂಬ ನೆರೆಹೊರೆಯ ಮಾತು, ಹೆಣ್ಣುಮಗುವಾದರೆ ಮದುವೆಗೆ ಅಡ್ಡಿಯಾದೀತೆಂಬ ಭಯ ಇವೂ ಜೊತೆಗೂಡುತ್ತವೆ. ಚಟ ಹಿಡಿಸುವ ಔಷಧ ಅದಲ್ಲ. ವೈದ್ಯರು ಹೇಳದೆ ಅದನ್ನು ನಿಲ್ಲಿಸಲಾಗದು.

ಮಕ್ಕಳಿಗೆ ಇನ್ಹೇಲರಿನ ಔಷಧವನ್ನು ಸ್ಪೇಸರ್ ಎಂಬ ಸಾಧನದ ಮೂಲಕ ಕೊಡುವುದು ಉತ್ತಮ. ಅದನ್ನು ಕೊಳ್ಳಲಾಗದವರಿಗೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವೈದ್ಯರು ದಾರಿ ತೋರಿದ್ದಾರೆ. 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರಿನ ಬಾಯಿ ಹೊಂದುವಷ್ಟು ರಂಧ್ರ ಮಾಡಿ, ಸಂದನ್ನು ಅಂಟಿನಿಂದ ಮುಚ್ಚಿದರೆ ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುವುದೆಂದು 1999ರಲ್ಲಿ ಅವರು ಪರೀಕ್ಷಿಸಿ ತೋರಿಸಿದರು. ಬಳಸುವ ಮುನ್ನ ವೈದ್ಯರಿಗೊಮ್ಮೆ ತೋರಿಸಬೇಕು. ಮಾತು ತುಂಡಾಗುವಷ್ಟು ಏದುಸಿರಿದ್ದರೆ, ತುಟಿ ನೀಲಿಗಟ್ಟಿದರೆ, ಹಣದ ಲೆಕ್ಕಕ್ಕೆ ಕೂರದೆ ಆ ಕ್ಷಣವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು.