ಟೈಟಲ್ ಕಾರ್ಡ್‌ನಲ್ಲಿ ಹೆಸರು, ಕೈಯಲ್ಲಿ ರೊಕ್ಕ

ಎಡಿಟಿಂಗ್ ಬರೋರು, ಗಿಂಬಲ್ ಹಿಡಿಯೋರು, ಕೀಬೋರ್ಡ್ ನುಡಿಸೋರು ನಮ್ಮ ಹಾಸ್ಟೆಲ್‌ನಲ್ಲಿ ಫ್ಲೋರಿಗೊಬ್ಬರಾದ್ರೂ ಇದ್ದಾರೆ. ಸ್ವತಂತ್ರ ಸಿನಿಮಾ ಮಾಡುವವರು ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಪವನ್ ಕುಮಾರ್ ಪ್ರೇಕ್ಷಕರಿಂದಲೇ ಹಣ ಕೂಡಿಸಿ 2013ರಲ್ಲಿ ‘ಲೂಸಿಯಾ’ ತಂದ ಮೇಲೆ, ದೊಡ್ಡ ನಿರ್ಮಾಪಕರಿಲ್ಲದೆಯೂ ಸಿನಿಮಾ ಆಗುತ್ತೆ ಅನ್ನೋ ಧೈರ್ಯ ಕನ್ನಡದಲ್ಲಿ ಹೆಚ್ಚಿತು. ಒಳ್ಳೆಯದೇ. ಆದರೆ ಬಜೆಟ್ ಸಣ್ಣದಾದಾಗ ಮೊದಲು ಕತ್ತರಿ ಬೀಳೋದು ನಮ್ಮಂಥವರ ಕೂಲಿಗೆ. “ಈಗ ರೊಕ್ಕ ಇಲ್ಲೋ ತಮ್ಮಾ, ಟೈಟಲ್‌ನಾಗ ಹೆಸರು ಹಾಕ್ತೀವಿ” ಅಂತಾರೆ. ಆ ಮಾತಿಗೆ ಕಾನೂನಿನಲ್ಲಿ ಬೆಲೆ ಎಷ್ಟು?

ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ, ಶಾಂತೇಶ್ವರ ಗುಡಿಯ ಸುತ್ತಮುತ್ತ ಹತ್ತು ದಿನದ ಶೂಟಿಂಗ್ ಅಂದುಕೊಳ್ಳೋಣ. ನಮ್ಮಲ್ಲಿ ಮೂವರು ಹೋಗಿದ್ದಾರೆ. ಒಬ್ಬಳದು ಸಂಗೀತ, ಒಬ್ಬನದು ಸಣ್ಣ ಪಾತ್ರ, ಇನ್ನೊಬ್ಬ ಎಡಿಟರ್. ಮೂವರೂ ಒಂದೇ ಚಹಾ ಕುಡಿದರೂ ಮೂವರ ಹಕ್ಕು ಬೇರೆ ಬೇರೆ.

ಸಂಗೀತದವಳು ಗಟ್ಟಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅವಳೇ ತನ್ನ ಟ್ಯೂನಿನ ಕರ್ತೃ. ಹಕ್ಕನ್ನು ಬರೆದುಕೊಡಬೇಕಾದರೆ ಲಿಖಿತವಾಗಿ, ಸಹಿ ಹಾಕಿಯೇ ಕೊಡಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ರೆ 5 ವರ್ಷ ಅಂತಲೇ ಲೆಕ್ಕ. ಹಕ್ಕು ಮಾರಿದ ಮೇಲೂ “ಇದು ನನ್ನದು” ಅಂತ ಹೇಳಿಕೊಳ್ಳೋ ಹಕ್ಕು ಅವಳಲ್ಲೇ ಉಳಿಯುತ್ತೆ.

ಪಾತ್ರ ಮಾಡಿದವನ ವಿಷಯ ಸ್ವಲ್ಪ ವಿಚಿತ್ರ. 2012ರ ತಿದ್ದುಪಡಿಯಲ್ಲಿ ಒಂದು ಸಾಲು ಸೇರಿಸಿದ್ದಾರೆ: ಸಿನಿಮಾದಲ್ಲಿ ಸುಮ್ಮನೆ ಹಾದುಹೋಗುವಂಥ ಪಾತ್ರ ಮಾಡಿ, ಉದ್ಯಮದ ರೂಢಿಯಂತೆ ಹೆಸರಿನ ಪಟ್ಟಿಯಲ್ಲೂ ಬಾರದವರನ್ನು ‘ಪ್ರದರ್ಶಕ’ ಎಂದು ಎಣಿಸೋದಿಲ್ಲ. ತನ್ನ ಅಭಿನಯವನ್ನು ತಿರುಚಿ ಮಾನ ಕಳೆದರೆ ತಕರಾರು ಮಾಡೋ ಹಕ್ಕು ಮಾತ್ರ ಅವರಿಗೆ ಉಳಿಯುತ್ತೆ. ‘ತಿಥಿ’ಯಲ್ಲಿ ಮುಖ್ಯ ಪಾತ್ರ ಮಾಡಿದವರು ಮಂಡ್ಯ ಕಡೆಯ ಹಳ್ಳಿಗರು, ವೃತ್ತಿನಟರಲ್ಲ, ಆದರೂ ಕಾನೂನಿಗೆ ಪೂರ್ತಿ ಕಲಾವಿದರೇ. ಸಂತೆಯಲ್ಲಿ ಹಿಂದೆ ನಡೆದುಹೋದವನು ಅಲ್ಲ. ಅಂದ್ರೆ ಟೈಟಲ್‌ನಲ್ಲಿ ಹೆಸರು ಬರೋದು ಬರೀ ಅಮ್ಮನಿಗೆ ತೋರಿಸೋಕೆ ಅಲ್ಲ.

ನಿಜವಾಗಿ ಸಿಕ್ಕಿಹಾಕಿಕೊಳ್ಳೋದು ಎಡಿಟರ್. ಇಂಜಿನಿಯರಿಂಗ್ ಹುಡುಗರು ಹೆಚ್ಚಾಗಿ ಮಾಡೋದೂ ಇದೇ ಕೆಲಸ. ಕಾಯ್ದೆಯಲ್ಲಿ ಸಿನಿಮಾದ ಕರ್ತೃ ನಿರ್ಮಾಪಕ. ಎಡಿಟರ್‌ಗೆ ಜಾಗವೇ ಇಲ್ಲ. ಬಳ್ಳಿಗಾವಿಯ ದಾಸೋಜ ಬೇಲೂರಿನಲ್ಲಿ ತಾನು ಕಡೆದ ಶಿಲ್ಪದ ಕೆಳಗೆ ತನ್ನ ಹೆಸರು ತಾನೇ ಕೆತ್ತಿಕೊಂಡ. ಟೈಮ್‌ಲೈನ್ ಮೇಲೆ ನಾವು ಹಾಗೆ ಕೆತ್ತೋಕಾಗಲ್ಲ. ಎಡಿಟರ್‌ಗೆ ಹೆಸರಾಗಲಿ ಹಣವಾಗಲಿ ಬರೋದು ಒಪ್ಪಂದದಿಂದ ಮಾತ್ರ.

ಒಪ್ಪಂದಕ್ಕೆ ಸ್ಟಾಂಪ್ ಪೇಪರೇ ಬೇಕು ಅಂತೇನಿಲ್ಲ. ಬಾಯಿಮಾತಿನ ಒಪ್ಪಂದವೂ ಕಾನೂನಿನಲ್ಲಿ ನಡೆಯುತ್ತೆ, ಸಾಬೀತು ಮಾಡೋದು ಕಷ್ಟ ಅಷ್ಟೇ. ಅದಕ್ಕೆ ಫೋನ್ ಇಟ್ಟ ಕೂಡಲೇ ಹೀಗೊಂದು ಮೇಲ್ ಹಾಕಿ:

“ಸರ್, ಮಾತಾಡಿದ ಪ್ರಕಾರ ನಿಮ್ಮ ಸಿನಿಮಾದ ಎಡಿಟಿಂಗ್ ನಾನು ಮಾಡುತ್ತೇನೆ. ಒಟ್ಟು ಇಷ್ಟು ಹಣ: ಅರ್ಧ ಶುರುವಿಗೆ, ಉಳಿದದ್ದು ಫೈನಲ್ ಫೈಲ್ ಕೊಡುವ ದಿನ. ತಿದ್ದುಪಡಿ ಎರಡು ಸಲ; ಆಮೇಲಿನದಕ್ಕೆ ಬೇರೆ ಹಣ. ಹಣ ಪೂರ್ತಿ ಬರುವ ತನಕ ವಾಟರ್‌ಮಾರ್ಕ್ ಇರುವ ಕಾಪಿ ಕಳಿಸುತ್ತೇನೆ. ಟೈಟಲ್‌ನಲ್ಲಿ ‘ಸಂಕಲನ’ ಎಂದು ನನ್ನ ಹೆಸರು ಪ್ರತ್ಯೇಕವಾಗಿ, ಹಬ್ಬಕ್ಕೆ ಕಳಿಸುವ ಕಾಪಿಯಲ್ಲೂ ಬರಬೇಕು. ಒಪ್ಪಿಗೆ ಇದ್ದರೆ ಉತ್ತರಿಸಿ.”

ಹಬ್ಬ ಅಂದ್ರೆ ಫಿಲ್ಮ್ ಫೆಸ್ಟಿವಲ್, ದೀಪಾವಳಿ ಅಲ್ಲ. ಅವರಿಂದ “ಓಕೆ” ಅಂತ ಉತ್ತರ ಬರೋ ತನಕ ಫುಟೇಜ್ ಇಂಪೋರ್ಟ್ ಮಾಡಬೇಡಿ. “ನಂಬಿಕೆ ಇಲ್ವಾ?” ಅಂತ ಕೇಳಿದ್ರೆ, ನಂಬಿಕೆ ಇರೋದಕ್ಕೇ ಬರೀತಿದೀವಿ ಅನ್ನಿ.

ವರ್ಷಕ್ಕೆ ನಾಲ್ಕೈದು ಕೆಲಸ ಬರೋರು ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟು ನೋಂದಾಯಿಸಿಕೊಳ್ಳಿ. ಕಾಸು ಕೊಡಬೇಕಿಲ್ಲ. ಕೆಲಸಕ್ಕೆ ಮೊದಲೇ ನೋಂದಣಿ ಆಗಿದ್ರೆ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕೆಲಸ ಒಪ್ಪಿಕೊಂಡ 45 ದಿನದೊಳಗೆ ಹಣ ಬರಬೇಕು. ತಡವಾದ್ರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ನೋಂದಣಿ ಇಲ್ಲದವರೂ ಬಾಕಿಗಾಗಿ ಸಿವಿಲ್ ಕೋರ್ಟಿಗೆ ಹೋಗಬಹುದು, ಅದಕ್ಕೆ 3 ವರ್ಷದ ಗಡುವು ಇದೆ. ಅಲ್ಲಿವರೆಗೆ ಆ ಮೇಲ್ ಡಿಲೀಟ್ ಮಾಡಬೇಡಿ.